ಬಡವನ ಸಿಟ್ಟು, ಯಾರದೋ ದವಡೆ

ನಮ್ಮ ಅಜ್ಜಿಯ ಬಾಯಲ್ಲಿ ಹಲ್ಲಿರಲಿಲ್ಲ, ಗಾದೆಗಳಿದ್ದವು. ಎಸ್ಟೇಟಿನ ಕೂಲಿ ಲೈನಿನಲ್ಲಿ ನಮ್ಮದು ಕೊನೆಯ ಮನೆ. ಮನೆ ಅಂದರೆ ಒಂದು ಕೋಣೆ, ಅದರ ಮುಂದೆ ಮೊಣಕಾಲೆತ್ತರದ ಜಗಲಿ. ಒಳಗೆ ಬಲಕ್ಕೆ ಒಲೆ, ಎಡಕ್ಕೆ ಸುತ್ತಿಟ್ಟ ಚಾಪೆ, ನಡುವಿನ ಗೋಡೆಯಲ್ಲಿ ಅಪ್ಪನ ಕತ್ತಿ ಸಿಕ್ಕಿಸುವ ಗೂಟ. ಪಕ್ಕದ ಮನೆಗೂ ನಮಗೂ ನಡುವಿನ ಗೋಡೆ ಸೂರಿನ ತನಕ ಹೋಗಿರಲಿಲ್ಲ. ಅವರು ಸಾರಿಗೆ ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು, ನಮ್ಮಲ್ಲಿ ಏಟು ಬಿದ್ದರೆ ಅವರ ಮಗು ಅಳುತ್ತಿತ್ತು. ಅಜ್ಜಿ ಕೂರುತ್ತಿದ್ದುದು ಬಾಗಿಲ ಪಕ್ಕದಲ್ಲಿ, ಬೆನ್ನು ಗೋಡೆಗೆ, ಕಾಲು ಚಾಚಿ. ಅವಳ ಮೊಣಕಾಲ ಹತ್ತಿರ ಒಂದು ಕಬ್ಬಿಣದ ಕುಟ್ಟಾಣಿ. ಹಲ್ಲಿಲ್ಲದವಳಿಗೆ ಎಲೆ ಅಡಿಕೆ ಕುಟ್ಟಿ ಕೊಡಬೇಕು. ಆ ಕೆಲಸ ನನ್ನದು. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಅಡಿಕೆ ಮೊದಲು, ಅದು ಪುಡಿಯಾದ ಮೇಲೆ ಎಲೆ, ಕೊನೆಗೆ ಸುಣ್ಣ. ಕುಟ್ಟಾಣಿಯ ಸದ್ದು ಕೇಳಿಯೇ ಅಜ್ಜಿ ಹದ ಹೇಳುತ್ತಿದ್ದಳು. ದಿನಕ್ಕೆ ಆರು ಸಲ ಕುಟ್ಟಿದರೂ ಆರು ಸಲವೂ ಅವಳದು ಒಂದೇ ದೂರು, ಸುಣ್ಣ ಕಮ್ಮಿ.

ಈಗ ನನ್ನ ಮೊಮ್ಮಕ್ಕಳ ಶಾಲೆಯ ಪುಸ್ತಕದಲ್ಲಿ ಗಾದೆಗಳ ಮುಂದೆ ಅರ್ಥ ಅಂತ ಒಂದೊಂದು ಸಾಲು ಬರೆದಿರುವುದನ್ನು ನೋಡಿದ್ದೇನೆ. ಒಂದು ಗಾದೆಗೆ ಒಂದು ಅರ್ಥ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. 'ಬಡವನ ಸಿಟ್ಟು ದವಡೆಗೆ ಮೂಲ' ಅನ್ನುವ ಮಾತನ್ನು ಅಜ್ಜಿ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದಳು, ನಾಲ್ಕು ಸಲವೂ ಅದು ಬೇರೆ ಮಾತು. ನಾನು ಗಂಜಿ ಬೇಡ ಅಂತ ಮುಖ ತಿರುಗಿಸಿದರೆ ನನ್ನ ಕೆನ್ನೆ ಹಿಂಡಿ ನಗುತ್ತಾ ಹೇಳುತ್ತಿದ್ದಳು. ಆಗ ಅದಕ್ಕೆ 'ಉಣ್ಣೇ ಹುಡುಗಿ' ಅಂತ ಅರ್ಥ. ನಲ್ಲಿ ಇಲ್ಲದ ಲೈನಿನಲ್ಲಿ ಬಾವಿಕಟ್ಟೆಯ ಹತ್ತಿರ ಹೆಂಗಸರು ಕೊಡ ಕುಟ್ಟಿಕೊಂಡು ಜಗಳವಾಡಿದರೆ ಜಗಲಿಯಿಂದಲೇ ಎಳೆದು ಎಳೆದು ಹೇಳುತ್ತಿದ್ದಳು. ಆಗ ಅದು ಬೆಂಕಿಗೆ ಸೀಮೆಎಣ್ಣೆ. ಅವ್ವ ಏನಾದರೂ ಎದುರು ಮಾತಾಡಲು ಬಾಯಿ ತೆರೆದರೆ ಅದನ್ನೇ ಗಂಟಲೊಳಗೆ, ತುಟಿ ಅಲ್ಲಾಡದ ಹಾಗೆ ಹೇಳುತ್ತಿದ್ದಳು. ಅವ್ವ ಬಾಯಿ ಮುಚ್ಚುತ್ತಿದ್ದಳು. ಅಪ್ಪನಿಗೆ ಹೇಳುವಾಗ ಮಾತ್ರ ಮೊದಲು ಎದ್ದು ಹೋಗಿ ಗೂಟದಿಂದ ಕತ್ತಿ ತೆಗೆದು ಸೆರಗಿನ ಕೆಳಗೆ ಇಟ್ಟುಕೊಂಡು, ಆಮೇಲೆ ಹೇಳುತ್ತಿದ್ದಳು.

ಅಪ್ಪನಿಗೆ ಹಾಗೆ ಹೇಳುವ ದಿನಗಳು ವಾರಕ್ಕೊಮ್ಮೆಯಾದರೂ ಬರುತ್ತಿದ್ದವು. ನಮ್ಮ ಎಸ್ಟೇಟು ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿತ್ತು. ದೊರೆ ಬಿಳಿಯವನು. ನಾನು ಅವನ ಕುದುರೆಯನ್ನು ಕಂಡಷ್ಟು ಅವನನ್ನು ಕಂಡಿಲ್ಲ. ನಮಗೆ ದೊರೆ ಅಂದರೆ ಈರಪ್ಪ ಮೇಸ್ತ್ರಿ. ಕೆಲಸ ಹೇಳುವವನೂ ಅವನೇ, ಹೊಡೆಯುವವನೂ ಅವನೇ, ಲೈನಿನ ಪಂಚಾಯ್ತಿ ಮಾಡುವವನೂ ಅವನೇ. ಕೈಯಲ್ಲಿ ಯಾವಾಗಲೂ ಒಂದು ಬೆತ್ತ. ಅದು ಹೊಡೆಯುವುದಕ್ಕೆ ಮಾತ್ರವಲ್ಲ. ಕುಕ್ಕೆ ಕೆದಕುವುದಕ್ಕೆ, ಹೆಂಗಸರ ಗಲ್ಲ ಎತ್ತಿ ಮುಖ ನೋಡುವುದಕ್ಕೆ, ನಾಯಿ ಓಡಿಸುವುದಕ್ಕೆ. ಕಾಫಿ ಕೊಯ್ಲಿನಲ್ಲಿ ಹಣ್ಣು ಮಾತ್ರ ಕೀಳಬೇಕು, ಹಸಿರು ಕಾಯಿ ಗಿಡದಲ್ಲೇ ಇರಬೇಕು. ಸಂಜೆ ಕಣದಲ್ಲಿ ಕುಕ್ಕೆ ಸುರಿದಾಗ ಹಸಿರು ಕಂಡರೆ ಮೇಸ್ತ್ರಿ ಅದನ್ನು ಆರಿಸಿ ಆ ಕುಕ್ಕೆಯ ಗಂಡಸಿನ ಕೈಗೆ ಕೊಡುತ್ತಿದ್ದ. ಅವನು ಎಲ್ಲರೆದುರು ಅದನ್ನು ಬಾಯಿಗೆ ಹಾಕಿ ಅಗಿಯಬೇಕು. ಹಸಿ ಕಾಫಿ ಕಾಯಿ ಅಗಿದವರಿಗೆ ಗೊತ್ತು, ಕಲ್ಲಿನಂಥ ಬೀಜ, ಒಗರು, ನಾಲಿಗೆ ಮರದ ತುಂಡಾಗುತ್ತದೆ. ಅಗಿಯದಿದ್ದರೆ ಬೆತ್ತ. ಅಗಿದು ಉಗಿದರೂ ಬೆತ್ತ.

ನಮ್ಮ ಮನೆಯಿಂದ ಕೊಯ್ಲಿಗೆ ಹೋಗುವ ಮೂವರಿಗೂ ಸೇರಿ ಒಂದೇ ಕುಕ್ಕೆ. ಅದು ಅಪ್ಪನ ಹೆಸರಿನ ಕುಕ್ಕೆ. ಆ ಶನಿವಾರ ನಾನು ಒಂದು ತಪ್ಪು ಮಾಡಿದೆ. ಗಿಡದ ಮೇಲೆ ಕೆಂಪಿರುವೆಯ ಗೂಡಿತ್ತು, ಇರುವೆ ಕುತ್ತಿಗೆಗೆ ಇಳಿಯುತ್ತಿತ್ತು, ಬೇಗ ಮುಗಿಸಿ ಓಡಬೇಕಿತ್ತು. ಕೊಂಬೆಯ ಬುಡ ಹಿಡಿದು ತುದಿಯ ತನಕ ಒಂದೇ ಎಳೆತಕ್ಕೆ ಎಳೆದೆ. ಹಣ್ಣೂ ಬಂತು, ಕಾಯಿಯೂ ಬಂತು, ಎಲೆಯೂ ಬಂತು. ಎಲೆ ಆರಿಸಿ ಬಿಸಾಡಿ ಉಳಿದದ್ದನ್ನು ಕುಕ್ಕೆಗೆ ಹಾಕಿದೆ. ಪಕ್ಕದ ಗಿಡದಲ್ಲಿದ್ದ ಅವ್ವ ನೋಡಿದಳು. ಬಯ್ಯಲಿಲ್ಲ. ತನ್ನ ಮಡಿಲಿನಲ್ಲಿದ್ದ ಕೆಂಪು ಹಣ್ಣನ್ನು ಅದರ ಮೇಲೆ ಸುರಿದು ಮುಚ್ಚಿದಳು.

ಕಣದಲ್ಲಿ ಸುರಿಯುವಾಗ ಮೇಲಿನದು ಕೆಳಗಾಗುತ್ತದೆ, ಕೆಳಗಿನದು ಮೇಲಾಗುತ್ತದೆ. ಅದು ಅವ್ವನಿಗೂ ಗೊತ್ತಿತ್ತು.

ಮೇಸ್ತ್ರಿ ಬೆತ್ತದಲ್ಲಿ ಕೆದಕಿ ಒಂದು ಹಿಡಿ ಹಸಿರು ಆರಿಸಿದ. ಇಡೀ ಹಿಡಿಯನ್ನು ಅಪ್ಪನ ಕೈಗೆ ಸುರಿದ.

"ತಿನ್ನಾ ತಿಮ್ಮ. ಹಬ್ಬದ ಊಟ."

ಅಪ್ಪ ಮೇಸ್ತ್ರಿಯ ಮುಖ ನೋಡಿದ. ಅವನ ದವಡೆಯ ಮೂಳೆ ಚರ್ಮದೊಳಗೆ ಆಡುವುದು ನನಗೆ ಕಾಣುತ್ತಿತ್ತು.

"ಎಂಥ ನೋಡ್ತೀಯ ಮಾರಾಯ? ಬಡವನ ಸಿಟ್ಟು ದವಡೆಗೆ ಮೂಲ, ಗೊತ್ತುಂಟಲ್ಲ?"

ಮೇಸ್ತ್ರಿ ಅದನ್ನು ಸ್ನೇಹಿತನಿಗೆ ಹೇಳಿದ ಹಾಗೆ ಮೆತ್ತಗೆ ಹೇಳಿ, ಬೆತ್ತದ ತುದಿಯನ್ನು ಅಪ್ಪನ ಗಲ್ಲಕ್ಕೆ ಆನಿಸಿದ. ನಮ್ಮ ಅಜ್ಜಿಯ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ನಾನು ಅದೇ ಮೊದಲು. ಅಪ್ಪ ತಿಂದ. ಒಂದು ಹಿಡಿ ಅಗಿಯುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇಡೀ ಕಣ ನಿಂತು ನೋಡಿತು. ನಾನೂ ನೋಡಿದೆ. ಬಾಯಿ ಬಿಡಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವ್ವ ಒಲೆ ಮುಂದೆ ಕೂತು ಊದುತ್ತಿದ್ದಳು. ಅಪ್ಪ ಬಾಗಿಲಲ್ಲೇ ಉಗಿದ, ಉಗುಳು ಹಸಿರಾಗಿತ್ತು. ಅಜ್ಜಿ ಅವನ ಮುಖ ನೋಡಿದವಳೇ ಎದ್ದು ಗೂಟದ ಕತ್ತಿ ತೆಗೆದಳು. ಆದರೆ ಕತ್ತಿ ತೆಗೆದರೆ ಮುಗಿಯಿತೇ? ಒಲೆಯ ಪಕ್ಕದಲ್ಲಿ ಸೌದೆ ಇತ್ತು. ಹಳೆ ಕಾಫಿ ಗಿಡದ ಸೌದೆ, ಕಬ್ಬಿಣದ ಹಾಗೆ ಗಟ್ಟಿ.

"ಹಸಿರು ಯಾರು ಕಿತ್ತಿದ್ದು?"

ನಾನು ಅಜ್ಜಿಯ ಹಿಂದೆ ನಿಂತಿದ್ದೆ. ಅವ್ವ ತಿರುಗಿ ನೋಡಿದಳು. ಅಪ್ಪನನ್ನಲ್ಲ, ನನ್ನನ್ನು. ಮತ್ತೆ ಒಲೆಯ ಕಡೆಗೆ ತಿರುಗಿದಳು.

"ನಾನೇ. ಕೈ ತಪ್ಪಿರ್ಬೇಕು."

"ಬಡವನ ಸಿಟ್ಟು ದವಡೆಗೆ..." ಅಂತ ಅಜ್ಜಿ ಶುರು ಮಾಡಿದಳು. ಅಷ್ಟರಲ್ಲಿ ಅಪ್ಪ ಸೌದೆ ಎತ್ತಿ ಬೀಸಿ ಆಗಿತ್ತು. ಒಣಗಿದ ಬಿದಿರು ಮುರಿದ ಹಾಗೆ ಸದ್ದು ಬಂತು. ಅವ್ವ ಕಿರುಚಲಿಲ್ಲ, ಕಿರುಚುವ ಬಾಯಿ ಅದಾಗಿರಲಿಲ್ಲ. ಕೆಳಗಿನ ದವಡೆ ಎಡಕ್ಕೆ ಸರಿದು ನಿಂತಿತ್ತು, ಸರಿಯಾಗಿ ಮುಚ್ಚದ ಪೆಟ್ಟಿಗೆಯ ಮುಚ್ಚಳದ ಹಾಗೆ. ರಕ್ತ ಒಲೆಯ ಬೂದಿಗೆ ಬಿದ್ದು ಚುಸ್ ಅಂದಿತು. ಪಕ್ಕದ ಮನೆಯ ಮಗು ಅಳಲು ಶುರು ಮಾಡಿತು. ಅಜ್ಜಿ ಗಾದೆಯನ್ನು ಮುಗಿಸಲಿಲ್ಲ. ಅವಳ ಬಾಯಲ್ಲಿ ಅದು ಅರ್ಧಕ್ಕೆ ನಿಂತಿದ್ದನ್ನು ನಾನು ಬೇರೆ ಯಾವತ್ತೂ ಕೇಳಿಲ್ಲ.

ಅಪ್ಪ ಸೌದೆಯನ್ನು ಒಲೆಗೆ ಹಾಕಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಅವನು ಕೆಟ್ಟವನಾಗಿದ್ದ ಅಂತ ಬರೆದರೆ ಸುಲಭ. ಒಳ್ಳೆಯವನಾಗಿದ್ದ ಅಂತ ನಾನಂತೂ ಬರೆಯುವುದಿಲ್ಲ. ಮೇಸ್ತ್ರಿಗೆ ಹೊಡೆಯಬೇಕಾದ ಏಟನ್ನು ಹೊತ್ತುಕೊಂಡು ಮನೆ ತನಕ ಬಂದ, ಬಂದು ಇಳಿಸಿದ. ಅಷ್ಟೇ.

ಅಜ್ಜಿ ತನ್ನ ಹಳೆ ಸೀರೆ ಹರಿದು ಅವ್ವನ ಗಲ್ಲದ ಕೆಳಗಿಂದ ನೆತ್ತಿಯ ತನಕ ಬಿಗಿದು ಕಟ್ಟಿದಳು. ಹಿತ್ತಲಿನ ಪಪ್ಪಾಯಿ ಎಲೆಯ ದಂಟು ಕೊಯ್ದು ತಂದು, ಅದು ಕೊಳವೆಯ ಹಾಗಿರುತ್ತದಲ್ಲ, ಅದರಲ್ಲಿ ಗಂಜಿಯ ತಿಳಿ ಕುಡಿಸಿದಳು. ಅತ್ತೆ ಬಟ್ಟಲು ಹಿಡಿದಿದ್ದಾಳೆ, ಸೊಸೆ ಹೀರುತ್ತಿದ್ದಾಳೆ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಅಂದಳು ಅಜ್ಜಿ. ಸೊಸೆಯಂದಿರು ಅತ್ತೆಗೆ ಸೇಡು ತೀರಿಸುವಾಗ ಹೇಳುವ ಮಾತದು. ಇವಳು ಮಗುವಿಗೆ ಜೋಗುಳ ಹೇಳುವ ಹಾಗೆ ಹೇಳಿದಳು. ಅವ್ವನಿಗೆ ನಗು ಬಂತು, ನಕ್ಕರೆ ನೋವಾಗಿ ಕಣ್ಣಲ್ಲಿ ನೀರು ಬಂತು.

"ನಗ್ಬೇಡ ಮಾರಾಯ್ತಿ, ಬಿಚ್ಚೋಗುತ್ತೆ. ನಂದು ಮೊದಲ್ನೇ ಏಟಿಗೆ ಮೂರು ಹಲ್ಲು ಹೋಗಿದ್ವು, ನಿನ್ನ ಮಾವನ ಕೈಯಿಂದ. ಉಳಿದವು ಆಮೇಲೆ ಒಂದೊಂದಾಗಿ ಹೆದರ್ಕೊಂಡು ಹೋದ್ವು."

ಅಜ್ಜಿಯ ಹಲ್ಲು ವಯಸ್ಸಿಗೆ ಉದುರಿದ್ದು ಅಂತ ನಾನು ಅಲ್ಲಿಯ ತನಕ ತಿಳಿದಿದ್ದೆ.

ನಾಲ್ಕನೇ ದಿನ ಅವ್ವ ಎದ್ದು ತನ್ನ ಇನ್ನೊಂದು ಸೀರೆಯನ್ನೂ ನನ್ನ ಲಂಗವನ್ನೂ ಗಂಟು ಕಟ್ಟಿದಳು. ಮಾತಾಡಲು ಆಗುತ್ತಿರಲಿಲ್ಲ, ಕೈ ಎತ್ತಿ ಆಲ್ದೂರಿನ ದಿಕ್ಕು ತೋರಿಸಿದಳು. ಅಲ್ಲಿ ಅವಳ ಅಣ್ಣನ ಮನೆ. ಅಜ್ಜಿ ಬೇಡ ಅನ್ನಲಿಲ್ಲ, ಹಾಗನ್ನುವ ಧೈರ್ಯ ಅಪ್ಪನಿಗೆ ಇರಲಿಲ್ಲ. ತಡೆದದ್ದು ಮೇಸ್ತ್ರಿ. ಕೊಯ್ಲು ಅರ್ಧಕ್ಕೆ ಬಂದಿದೆ, ಹಣ್ಣು ಉದುರುತ್ತಿದೆ, ಈಗ ಒಂದು ಹೆಂಗಸು ಹೋದರೆ ನಾಳೆ ಇನ್ನೊಂದು ಹೋಗುತ್ತದೆ. ಗಂಡ ಹೆಂಡಿರ ವ್ಯಾಜ್ಯ ಲೈನಿನೊಳಗೇ ಮುಗಿಯಬೇಕು, ಭಾನುವಾರ ಪಂಚಾಯ್ತಿ ಅಂದ.

ನಮ್ಮ ಲೈನಿನ ಪಂಚಾಯ್ತಿಗೆ ಒಂದು ಕಟ್ಟಳೆ ಇತ್ತು. ಕಣದ ನಡುವೆ ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ ಇಡುತ್ತಾರೆ. ತಪ್ಪು ಮಾಡಿದವನು ಅದನ್ನು ಎತ್ತಿ ನೊಂದವರಿಗೆ ಕೊಡಬೇಕು. ನೊಂದವರು ಅದನ್ನು ಅಲ್ಲೇ, ಎಲ್ಲರೆದುರು ಬಾಯಿಗೆ ಹಾಕಿ ಅಗಿದು ನುಂಗಬೇಕು. ನುಂಗಿದರೆ ವ್ಯಾಜ್ಯ ಮುಗಿಯಿತು, ಆಮೇಲೆ ಅದರ ಮಾತು ಎತ್ತುವ ಹಾಗಿಲ್ಲ, ಲೈನು ಬಿಟ್ಟು ಹೋಗುವ ಹಾಗೂ ಇಲ್ಲ. ಕೈಯಲ್ಲಿ ತೆಗೆದುಕೊಂಡರೆ ಸಾಲದು. ಇನ್ನೊಂದು, ತಟ್ಟೆ ಇಟ್ಟಾಗಿನಿಂದ ಎತ್ತುವ ತನಕ ಯಾರೂ ಯಾರ ಮೇಲೂ ಕೈ ಮಾಡಬಾರದು. ಮೇಸ್ತ್ರಿ ಕೂಡ ಆ ಹೊತ್ತಿಗೆ ಬೆತ್ತವನ್ನು ಕಾಲ ಕೆಳಗೆ ಇಟ್ಟು ಕೂರುತ್ತಿದ್ದ.

ಭಾನುವಾರ ಬೆಳಿಗ್ಗೆ, ಬಿಸಿಲೇರಿದ ಮೇಲೆ ಎಲ್ಲರೂ ಸೇರಿದರು. ಒಣಗಲು ಹಾಕಿದ್ದ ಕಾಫಿಯನ್ನು ಒಂದು ಬದಿಗೆ ಎಳೆದು ಜಾಗ ಮಾಡಿದ್ದರು. ಅವ್ವ ತಲೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು, ಪಕ್ಕದಲ್ಲಿ ಅಜ್ಜಿ, ಅಜ್ಜಿಯ ಪಕ್ಕದಲ್ಲಿ ನಾನು. ಅಪ್ಪ ಎದುರಿಗೆ ನೆಲ ನೋಡುತ್ತಾ ಕುಕ್ಕರಗಾಲಲ್ಲಿ.

"ದೊಡ್ಡೋರು ಸುಮ್ನೆ ಹೇಳಿದ್ರಾ ಬಡವನ ಸಿಟ್ಟು ದವಡೆಗೆ ಮೂಲ ಅಂತ?" ಅಂತ ಮೇಸ್ತ್ರಿ ಶುರು ಮಾಡಿದ. ಈ ಸಲ ಮದುವೆ ಮನೆಯ ಹಿರಿಯನ ಹಾಗೆ ಹೇಳಿದ. ಗಂಡಸರು ನಕ್ಕರು. "ತಿಮ್ಮ ಸಿಟ್ನಲ್ಲಿ ಕೈ ಮಾಡ್ದ. ಆಗೋದೇ. ಈಗ ವೀಳ್ಯ ಕೊಡ್ತಾನೆ, ತಗೊಂಡು ಬಿಡು ತಂಗಿ."

"ಯಾರ ದವಡೆ, ಮೇಸ್ತ್ರೇ?" ಅಂದಳು ಅಜ್ಜಿ.

"ಎಂಥ?"

"ಬಡವ ಇವ್ನು. ಸಿಟ್ಟು ಇವಂದು. ಇವನ ದವಡೆ ನೋಡಿ, ನೆಟ್ಟಗುಂಟು. ಗಾದೇಲಿ ಎಲ್ಲೋ ತಪ್ಪಾಯ್ತಲ್ಲ."

ಹೆಂಗಸರ ಕಡೆಯಿಂದ ಯಾರೋ ಮೂಗಿನಲ್ಲಿ ನಕ್ಕರು. ಮೇಸ್ತ್ರಿ ಆ ಕಡೆ ನೋಡಿದ, ನಗು ನಿಂತಿತು. ಅಪ್ಪ ಎದ್ದು ಬಂದು ತಟ್ಟೆಯಿಂದ ಎಲೆ ಅಡಿಕೆ ಎತ್ತಿ ಅವ್ವನ ಮುಂದೆ ಹಿಡಿದ. ಅವ್ವ ತಲೆ ಅಲ್ಲಾಡಿಸಿದಳು. ಬೆರಳಲ್ಲಿ ತನ್ನ ಪಟ್ಟಿ ತೋರಿಸಿದಳು.

ಅಲ್ಲಿದ್ದ ಅಷ್ಟು ಜನಕ್ಕೂ ಆಗಲೇ ಹೊಳೆದದ್ದು. ದವಡೆ ಮುರಿದವಳು ಅಗಿಯುವುದು ಹೇಗೆ? ಅಗಿಯದೆ ವ್ಯಾಜ್ಯ ಮುಗಿಯುವುದು ಹೇಗೆ? ಒಬ್ಬ ಮುದುಕ, ಹುಷಾರಾಗೋ ತನಕ ಕಾಯೋಣ ಅಂದ. ಇನ್ನೊಬ್ಬ, ಮುಗಿಯದ ವ್ಯಾಜ್ಯ ಇಟ್ಟುಕೊಂಡು ಗಂಡ ಹೆಂಡಿರನ್ನು ಒಂದೇ ಸೂರಿನ ಕೆಳಗೆ ಮಲಗಿಸುವುದು ಕಟ್ಟಳೆಯಲ್ಲ, ಅಲ್ಲಿಯ ತನಕ ಅಣ್ಣನ ಮನೆಗೆ ಕಳಿಸಬೇಕು ಅಂದ. ಅವ್ವ ತಲೆ ಎತ್ತಿದಳು. ಅವಳಿಗೆ ಬೇಕಾಗಿದ್ದು ಅದೇ. ಮೇಸ್ತ್ರಿ ಗಡ್ಡ ಕೆರೆದುಕೊಂಡ. ಆಮೇಲೆ ಅವನ ಕಣ್ಣು ನನ್ನ ಮೇಲೆ ಬಿತ್ತು.

"ಅಜ್ಜಿಗೆ ದಿನಾ ಕುಟ್ಟಿ ಕೊಡೋಳು ನೀನೇ ಅಲ್ದಾ? ಹೋಗು ಮಗಾ, ಕುಟ್ಟಾಣಿ ತಗೊಂಬಾ. ಅವ್ವನಿಗೂ ಮೆತ್ತಗೆ ಕುಟ್ಟಿ ಕೊಡು, ನುಂಗ್ಲಿ. ಎಲ್ರಿಗೂ ಒಳ್ಳೇದಾಗುತ್ತೆ."

ಗಂಡಸರೆಲ್ಲ ತಲೆಯಾಡಿಸಿದರು. ಎಷ್ಟು ಚಂದ ಬಗೆಹರಿಯಿತು ಅನ್ನುವ ಹಾಗೆ. ನಾನು ಎದ್ದೆ. ಅವ್ವ ನನ್ನನ್ನು ನೋಡಿದಳು. ಆ ಸಂಜೆ ಒಲೆ ಮುಂದೆ ಕೂತು ನೋಡಿದ್ದಳಲ್ಲ, ಅದೇ ಕಣ್ಣು. ಅದರಲ್ಲಿ ಬೇಡಿಕೆ ಇರಲಿಲ್ಲ. ಅಜ್ಜಿ ಒಂದು ಗಾದೆಯನ್ನೂ ಹೇಳಲಿಲ್ಲ.

ಮನೆಗೆ ಹೋದೆ. ಬಾಗಿಲ ಪಕ್ಕ ಕುಟ್ಟಾಣಿ ಇತ್ತು, ಬೆಳಿಗ್ಗೆಯ ಕೆಂಪು ಇನ್ನೂ ಒಣಗಿರಲಿಲ್ಲ. ಎತ್ತಿಕೊಂಡು ಕಣದ ಕಡೆಗೇ ಹೊರಟೆ. ಸತ್ಯ ಹೇಳುತ್ತೇನೆ, ಅರ್ಧ ದಾರಿಯ ತನಕ ಕುಟ್ಟಿ ಕೊಡುವುದಕ್ಕೇ ಹೊರಟಿದ್ದೆ. ಅಷ್ಟು ಜನರ ಮುಂದೆ ನನ್ನ ಕೈಗೆ ಒಂದು ಕೆಲಸ ಕೊಟ್ಟಿದ್ದರು. ದಾರಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಅದರ ಹಿಂದೆ ಆ ಸಿಪ್ಪೆ ಕೊಳೆಯುವ ಗುಂಡಿ. ಆಳುದ್ದದ ಗುಂಡಿ, ಮೇಲೆ ನೊರೆ, ಹತ್ತಿರ ಹೋದರೆ ಹೊಟ್ಟೆ ತೊಳಸುವ ನಾತ. ಆ ನಾತ ಮೂಗಿಗೆ ಬಡಿದಾಗ ನಿಂತೆ. ಹಸಿರು ಕಿತ್ತವಳು ನಾನು. ಏಟು ತಿಂದವಳು ಅವ್ವ. ಈಗ ಅದನ್ನು ಕುಟ್ಟಿ ಅವಳ ಗಂಟಲಿಗೆ ಇಳಿಸುವವಳೂ ನಾನೇ. ಕುಟ್ಟಾಣಿಯನ್ನು ಎರಡೂ ಕೈಯಲ್ಲಿ ಎತ್ತಿ ಗುಂಡಿಗೆ ಹಾಕಿದೆ. ಕುಟ್ಟುವ ಗುಂಡನ್ನೂ ಹಾಕಿದೆ. ಸದ್ದೂ ಬರಲಿಲ್ಲ.

ಬರಿಗೈಯಲ್ಲಿ ಕಣಕ್ಕೆ ಬಂದೆ.

"ಎಲ್ಲಿ?" ಅಂದ ಮೇಸ್ತ್ರಿ.

"ಬಿಸಾಕ್ದೆ."

"ಎಲ್ಲಿ ಬಿಸಾಕ್ದೆ?"

"ಸಿಪ್ಪೆ ಗುಂಡಿಗೆ."

ಇಡೀ ಕಣ ನಕ್ಕುಬಿಟ್ಟಿತು. ಗಂಡಸರೂ ನಕ್ಕರು. ನಕ್ಕದ್ದು ಮೇಸ್ತ್ರಿಯನ್ನು ನೋಡಿಯೋ ಅಪ್ಪನನ್ನು ನೋಡಿಯೋ ಗೊತ್ತಿಲ್ಲ, ಅಪ್ಪನಿಗೆ ಮಾತ್ರ ಅದು ತನಗೇ ಅನ್ನಿಸಿತು. ಎಲೆ ಅಡಿಕೆ ಹಿಡಿದಿದ್ದ ಅದೇ ಕೈಯಿಂದ ನನ್ನ ಮುಖಕ್ಕೆ ಬಾರಿಸಿದ. ನಾನು ಕಾಫಿ ರಾಶಿಯ ಮೇಲೆ ಬಿದ್ದೆ. ಬಾಯಿ ತುಂಬ ಉಪ್ಪು. ಎದ್ದಾಗ ಎಡಗಡೆಯ ಒಂದು ಹಲ್ಲು ಅಂಗೈಗೆ ಬಂತು. ಈಗಲೂ ಆಕಳಿಸಿದರೆ ಆ ಕಡೆಯ ದವಡೆ ಕಟಕ್ ಅನ್ನುತ್ತದೆ.

ಹಿತ್ತಾಳೆ ತಟ್ಟೆ ಇನ್ನೂ ನೆಲದ ಮೇಲೇ ಇತ್ತು.

ಮೇಸ್ತ್ರಿ ನಿಧಾನವಾಗಿ ಬಗ್ಗಿ ತಟ್ಟೆ ಎತ್ತಿ ಪಕ್ಕದವನ ಕೈಗೆ ಕೊಟ್ಟ. ಮತ್ತೆ ಬಗ್ಗಿ ಬೆತ್ತ ಎತ್ತಿಕೊಂಡ. ಅಪ್ಪನನ್ನು ಕಣದ ಅಂಚಿನ ಹಲಸಿನ ಮರ ತಬ್ಬಿ ನಿಲ್ಲಿಸಿ ಇಬ್ಬರು ಕೈ ಹಿಡಿದುಕೊಂಡರು. ಮೇಸ್ತ್ರಿ ಬೆನ್ನಿನ ಚರ್ಮ ಬಿಡುವ ತನಕ ಹೊಡೆದ, ಬಿಟ್ಟ ಮೇಲೂ ಹೊಡೆದ. ಅವ್ವನ ದವಡೆಗಾಗಿ ಹೊಡೆದದ್ದಲ್ಲ, ನನ್ನ ಹಲ್ಲಿಗಾಗಿ ಹೊಡೆದದ್ದೂ ಅಲ್ಲ. ತನ್ನ ಪಂಚಾಯ್ತಿ ಕೆಡಿಸಿದ್ದಕ್ಕೆ ಹೊಡೆದ. ನನಗೆ ಆಗ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅಪ್ಪ ಮರದ ತೊಗಟೆ ಕಚ್ಚಿಕೊಂಡು ಒಂದು ಸದ್ದೂ ಮಾಡದೆ ನಿಂತದ್ದನ್ನು ನೋಡುತ್ತಾ ನೋಡುತ್ತಾ ಆ ಸಂತೋಷ ಎಲ್ಲಿಗೋ ಹೋಯಿತು. ಅಜ್ಜಿ ಮಾತ್ರ ಪ್ರತಿ ಏಟಿಗೂ ತನ್ನ ತೊಡೆ ಒತ್ತಿ ಹಿಡಿಯುತ್ತಿದ್ದಳು. ಅವನು ಅವಳ ಮಗ.

ಹೀಗೆ ಕೆಟ್ಟುಹೋದ ಪಂಚಾಯ್ತಿಯನ್ನು ಮತ್ತೆ ಕೂಡಿಸುವ ಹಾಗಿಲ್ಲ, ಅದೂ ಕಟ್ಟಳೆ. ವ್ಯಾಜ್ಯ ಮುಗಿಯದೆ ಉಳಿಯಿತು, ಅವ್ವ ಹೋಗಬಹುದು ಅಂತಾಯಿತು. ಆ ರಾತ್ರಿ ಅಪ್ಪ ಜಗಲಿಯಲ್ಲಿ ಬೋರಲು ಮಲಗಿದ್ದ. ಅಜ್ಜಿ ಅವನ ಬೆನ್ನಿಗೆ ಅರಿಸಿನ ಹಚ್ಚಿ ಒಳಗೆ ಬಂದು ಅವ್ವನಿಗೆ ದಂಟಿನಲ್ಲಿ ಗಂಜಿ ಕುಡಿಸಿದಳು, ನನ್ನ ಬಾಯಿಗೆ ಉಪ್ಪುನೀರು ಕೊಟ್ಟಳು. ನನ್ನನ್ನು ಬಯ್ಯಲೂ ಇಲ್ಲ, ಹೊಗಳಲೂ ಇಲ್ಲ.

ಬೆಳಿಗ್ಗೆ ಅವ್ವ ಗಂಟು ತಲೆಯ ಮೇಲಿಟ್ಟುಕೊಂಡು ಅಂಗಳಕ್ಕೆ ಇಳಿದಳು. ಅಜ್ಜಿ ಎಂದಿನ ಜಾಗದಲ್ಲಿ ಕಾಲು ಚಾಚಿ ಕೂತಿದ್ದಳು. ಮೊಣಕಾಲ ಹತ್ತಿರ ನೆಲದಲ್ಲಿ ಕುಟ್ಟಾಣಿ ಇದ್ದ ಕಡೆ ಒಂದು ದುಂಡನೆಯ ಗುಳಿ. ಅವಳ ಒಂದು ಕೈಯಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ ಹೋಳು. ಎರಡನ್ನೂ ನೋಡುತ್ತಾ ಕೂತಿದ್ದಳು. ನಿನ್ನೆ ಮಧ್ಯಾಹ್ನದಿಂದ ಅವಳ ಬಾಯಿ ಕೆಂಪಾಗಿರಲಿಲ್ಲ ಅನ್ನುವುದು ನನಗೆ ಆಗ ಕಂಡಿತು. ಕುಟ್ಟಾಣಿಯನ್ನು ಗುಂಡಿಗೆ ಎಸೆಯುವಾಗ ಅದು ಯಾರ ಹಲ್ಲು ಅಂತ ನಾನು ಯೋಚಿಸಿರಲಿಲ್ಲ.

"ಬಡವನ ಸಿಟ್ಟು ದವಡೆಗೆ ಮೂಲ," ಅಂದಳು ಅಜ್ಜಿ. ನಗುತ್ತಾ ಅಲ್ಲ, ಗಂಟಲೊಳಗೂ ಅಲ್ಲ. ನಾನು ಕೇಳಿದ್ದ ಯಾವ ದನಿಯಲ್ಲೂ ಅಲ್ಲ.

ನಾನು ಅವಳ ಕೈಯಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ಎಡಗಡೆ ಆಗುತ್ತಿರಲಿಲ್ಲ, ಬಲಗಡೆಯಿಂದ ಅಗಿದೆ. ಪ್ರತಿ ಸಲ ಬಾಯಿ ಮುಚ್ಚಿದಾಗಲೂ ಕಿವಿಯ ತನಕ ನೋವು ಹೊಡೆಯುತ್ತಿತ್ತು. ಎಲೆ ಹಾಕಿಕೊಂಡೆ, ಸುಣ್ಣ ತುದಿಬೆರಳಲ್ಲಿ ಹಚ್ಚಿಕೊಂಡೆ, ಮೆತ್ತಗಾಗುವ ತನಕ ಅಗಿದೆ. ನನ್ನ ರಕ್ತ ಯಾವುದು, ಎಲೆಯ ಕೆಂಪು ಯಾವುದು ಗೊತ್ತಾಗಲಿಲ್ಲ. ಅಂಗೈಗೆ ತೆಗೆದು ಅಜ್ಜಿಯ ಮುಂದೆ ಹಿಡಿದೆ. ಅವ್ವ ಅಂಗಳದಲ್ಲಿ ಕಾಯುತ್ತಾ ನಿಂತಿದ್ದಳು.

ಅಜ್ಜಿ ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಒಸಡಿನಲ್ಲಿ ಆಡಿಸಿದಳು.

"ಸುಣ್ಣ ಕಮ್ಮಿ ಆಯ್ತಲ್ಲೇ," ಅಂದಳು.